ಮೂರು ಸ್ವರಗುಚ್ಛಗಳು, ಹನ್ನೆರಡು ಗಣಗಳು: ಬ್ಲೂಸ್ ಗಿಟಾರ್ ವಾದನದಲ್ಲಿ ವೈವಿಧ್ಯವು ಬೆಳೆದ ಬಗೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತಗಳಲ್ಲಿ, ದಾಸ್ಯದಿಂದ ವಿಮುಕ್ತರಾದ ಆಫ್ರಿಕಾಮೂಲದ ಜನರ ಮಕ್ಕಳು ಮೊಮ್ಮಕ್ಕಳ ಕಂಠದಲ್ಲಿ ಹುಟ್ಟಿ, ಇಂದು ಭೂಮಂಡಲವನ್ನೆಲ್ಲ ವ್ಯಾಪಿಸಿರುವ ‘ಬ್ಲೂಸ್’ ಎಂಬ ಗಾನಪ್ರಕಾರದ ವಿಷಯವಾಗಿ ಒಂದು ಮಾತು ಬಹುಕಾಲದಿಂದಲೂ ಪ್ರಚಾರದಲ್ಲಿದೆ. ಅದರಲ್ಲಿರುವುದು ಮೂರೇ ಮೂರು ‘ಕಾರ್ಡು’ಗಳು, ಆ ಮೂರನ್ನು ಕಲಿತವನು ಬ್ಲೂಸನ್ನೆಲ್ಲ ಕಲಿತಂತೆಯೇ ಎಂಬುದೇ ಆ ಮಾತು. ಇದನ್ನು ಹೊಗಳಿಕೆಯಾಗಿ ಆಡುವವರೂ ಉಂಟು, ತೆಗಳಿಕೆಯಾಗಿ ಆಡುವವರೂ ಉಂಟು. ಇದರ ಬೆನ್ನಿಗೇ ಮತ್ತೊಂದು ಮಾತೂ ಬರುವುದು: ಆ ಬಡಗಾನಕ್ಕೆ ಅಷ್ಟಿಷ್ಟು ಸಿರಿ ಬಂದಿದ್ದರೆ ಅದು ಸ್ವರಲಿಪಿಯನ್ನು ಓದಬಲ್ಲ ಜಾಸ್ ವಿದ್ವಾಂಸರು ಈಚೆಗೆ ದಯಪಾಲಿಸಿದ್ದು ಎಂದು. ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದರಲ್ಲಿ ಅಷ್ಟೂ ಇಲ್ಲ. ಧ್ವನಿಮುದ್ರಿಕೆಗಳು ಸಾಕ್ಷಿಗಳಾಗಿ ನಮ್ಮ ಮುಂದಿರುವುದರಿಂದ ಈ ವಿಷಯವನ್ನು ಕೇವಲ ಅಭಿಪ್ರಾಯಭೇದವೆಂದು ಬಿಟ್ಟುಬಿಡಬೇಕಾದ ಕಾರಣವಿಲ್ಲ.

ಮೊದಲು ಪರಿಭಾಷೆ. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೊಂದಾಗಿ ಬರುವುವು. ಪಾಶ್ಚಾತ್ಯರಲ್ಲಿ ಮೂರು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವ ಪದ್ಧತಿಯಿದೆ. ಹಾಗೆ ಕೂಡಿ ನುಡಿಯುವ ಸ್ವರಗಳ ಗೊಂಚಲೇ ಕಾರ್ಡು. ಈ ಲೇಖನದಲ್ಲಿ ಅದನ್ನು ಸ್ವರಗುಚ್ಛವೆಂದು ಕರೆಯುವೆನು. ಬ್ಲೂಸಿನ ಮೂರು ಗುಚ್ಛಗಳಿಗೆ ಷಡ್ಜ, ಶುದ್ಧಮಧ್ಯಮ, ಪಂಚಮಗಳು ಆಧಾರಗಳು. ಷಡ್ಜದ ಗುಚ್ಛದಲ್ಲಿ ಷಡ್ಜ, ಅಂತರಗಾಂಧಾರ, ಪಂಚಮ, ಕೈಶಿಕಿನಿಷಾದಗಳಿರುವುವು. ಮಧ್ಯಮ ಪಂಚಮಗಳ ಮೇಲೆಯೂ ಇದೇ ಅಂತರಗಳಲ್ಲಿ ಗುಚ್ಛಗಳನ್ನು ಕಟ್ಟುವರು. ಹೀಗೆ ಕಟ್ಟಿದಾಗ ಮಧ್ಯಮದ ಗುಚ್ಛದೊಳಗೆ ಸಾಧಾರಣಗಾಂಧಾರವು ಬಂದು ಕೂರುವುದು. ಒಂದೇ ಹಾಡಿನಲ್ಲಿ ಎರಡು ಗಾಂಧಾರಗಳು! ನಮ್ಮ ರಾಗಲಕ್ಷಣವನ್ನು ಓದಿದವರಿಗೆ ಇದು ವಿವಾದಿದೋಷದಂತೆ ತೋರಬಹುದು. ಆದರೆ ಬ್ಲೂಸ್ ಗಾಯಕನ ಕಂಠವು ಆ ಎರಡು ಗಾಂಧಾರಗಳ ನಡುವೆಯೇ ಓಲಾಡುವುದರಿಂದ, ಪಕ್ಕವಾದ್ಯವು ಎರಡಕ್ಕೂ ಎಡೆಕೊಟ್ಟದ್ದು ನ್ಯಾಯವಾಗಿಯೇ ಇದೆ.

ಕಾಲಪ್ರಮಾಣವನ್ನು ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ, ನಾಲ್ಕು ಎಣಿಕೆಗಳದು ಒಂದು ಗಣ, ನಾಲ್ಕು ಗಣಗಳದು ಒಂದು ಸಾಲು, ಮೂರು ಸಾಲುಗಳದು ಒಂದು ಪದ್ಯ. ಒಟ್ಟು ಹನ್ನೆರಡು ಗಣಗಳು. ಮೊದಲ ಸಾಲು ಷಡ್ಜದ ಮೇಲೆ ನಿಲ್ಲುವುದು. ಎರಡನೆಯದು ಮಧ್ಯಮದಲ್ಲಿ ಎರಡು ಗಣಗಳ ಕಾಲ ತಂಗಿ ಷಡ್ಜಕ್ಕೆ ಮರಳುವುದು. ಮೂರನೆಯದು ಪಂಚಮದಿಂದ ಹೊರಟು ಮಧ್ಯಮದ ಮಾರ್ಗವಾಗಿ ಮನೆಗೆ ಸೇರುವುದು. ಎರಡನೆಯ ಸಾಲಿನ ಮಾತು ಸಾಮಾನ್ಯವಾಗಿ ಮೊದಲನೆಯದರ ಪುನರುಕ್ತಿ. ಹನ್ನೊಂದು ಗಣಗಳ ನಮ್ಮ ತ್ರಿಪದಿಯೂ ಮೂರು ಸಾಲಿನದೇ, ಬೀಸುವ ಕಲ್ಲಿನ ಮುಂದೆ ದುಡಿಮೆಯ ಬೇಸರ ಕಳೆಯಲು ಹಾಡಿದ್ದೇ. ಸಾಮ್ಯವು ಮನಸ್ಸಿಗೆ ಹಿತವಾದರೂ ಇವೆರಡಕ್ಕೂ ಸಂಬಂಧವನ್ನು ಕಲ್ಪಿಸುವುದು ಅವಿಚಾರವಾದೀತು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಗಾಯಕನ ಮಾತು ಸಾಲಿನ ನಾಲ್ಕು ಗಣಗಳನ್ನೂ ತುಂಬುವುದಿಲ್ಲ. ಎರಡು ಎರಡೂವರೆ ಗಣಗಳಾಗುವಷ್ಟರಲ್ಲಿ ಅವನು ಉಸಿರು ಬಿಡುವನು. ಉಳಿದ ಎಡೆಯೆಲ್ಲ ವಾದ್ಯದ ಪಾಲು. ಗಿಟಾರಿನವನ ವೈವಿಧ್ಯವೆಲ್ಲವೂ ಈ ಎಡೆಯಲ್ಲಿಯೇ ಬೆಳೆದದ್ದು.

ಗಿಟಾರು ಈ ಜನರ ಕೈಗೆ ಬಂದ ಕಾರಣವು ಸಂಗೀತಶಾಸ್ತ್ರದ್ದಲ್ಲ, ಜೇಬಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ದೊಡ್ಡ ವರ್ತಕಸಂಸ್ಥೆಗಳು ಅಗ್ಗದ ಗಿಟಾರುಗಳನ್ನು ಅಂಚೆಯ ಮೂಲಕ ಹಳ್ಳಿಹಳ್ಳಿಗೆ ಮಾರತೊಡಗಿದುವು. ಹತ್ತಿ ಬೆಳೆಯುವ ಗೇಣಿದಾರನು ಪಿಯಾನೋ ಕೊಳ್ಳಲಾರ, ಕೊಂಡರೂ ಹೊತ್ತು ತಿರುಗಲಾರ. ಗಿಟಾರನ್ನು ಹೆಗಲಿಗೆ ಹಾಕಿಕೊಂಡು ರೈಲು ಹತ್ತಬಹುದು. ವಾದ್ಯತಂಡದ ನಾಯಕನಾಗಿದ್ದ ಡಬ್ಲ್ಯು. ಸಿ. ಹ್ಯಾಂಡಿಯು 1903ರ ಸುಮಾರಿಗೆ ಮಿಸಿಸಿಪ್ಪಿ ಪ್ರಾಂತದ ಟಟ್‌ವೈಲರ್ ಎಂಬ ಊರಿನ ರೈಲುನಿಲ್ದಾಣದಲ್ಲಿ, ಚಿಂದಿ ಬಟ್ಟೆಯುಟ್ಟ ಒಬ್ಬನು ತಂತಿಗಳ ಮೇಲೆ ಚಾಕುವನ್ನು ಒತ್ತಿ ಜಾರಿಸುತ್ತ, ನಮ್ಮ ಗೋಟುವಾದ್ಯದವರು ಮರದ ತುಂಡನ್ನು ಜಾರಿಸುವ ಹಾಗೆ, ನುಡಿಸಿ ಹಾಡುತ್ತಿದ್ದುದನ್ನು ಕೇಳಿದುದಾಗಿ 1941ರ ತನ್ನ ಆತ್ಮಕಥೆಯಲ್ಲಿ ಬರೆದಿರುವನು. ಅದೇ ಹ್ಯಾಂಡಿಯು 1912ರಲ್ಲಿ ‘ಮೆಂಫಿಸ್ ಬ್ಲೂಸ್’ ಎಂಬುದನ್ನು ಅಚ್ಚುಹಾಕಿಸಿದನು. ಅಚ್ಚುಹಾಕಿಸಿದವನ ಹೆಸರು ಲೋಕಕ್ಕೆ ತಿಳಿದಿದೆ. ನಿಲ್ದಾಣದಲ್ಲಿ ನುಡಿಸಿದವನ ಹೆಸರು ಯಾರಿಗೂ ತಿಳಿಯದು. ಈ ಚರಿತ್ರೆಯಲ್ಲಿ ಇಂಥ ಪ್ರಸಂಗಗಳು ಮತ್ತೆ ಮತ್ತೆ ಬರುವುವಾದ್ದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

1920ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ ‘ಕ್ರೇಜಿ ಬ್ಲೂಸ್’ ಮುದ್ರಿಕೆಯು ಬಹುಸಂಖ್ಯೆಯಲ್ಲಿ ಮಾರಾಟವಾದ ಮೇಲೆ, ಕರಿಯರ ಹಾಡಿಗೆ ಕರಿಯರಲ್ಲಿಯೇ ಗಿರಾಕಿಗಳುಂಟೆಂಬುದು ಮುದ್ರಿಕಾ ವ್ಯಾಪಾರಿಗಳಿಗೆ ಮನವರಿಕೆಯಾಯಿತು. ಅಲ್ಲಿಂದ ಮುಂದೆ ಅಂಥ ಮುದ್ರಿಕೆಗಳನ್ನು ‘ರೇಸ್ ರೆಕಾರ್ಡ್ಸ್’ ಎಂಬ ಬೇರೆ ಪಂಕ್ತಿಯಲ್ಲಿಟ್ಟು ಮಾರಿದರು. ರೈಲಿನಲ್ಲಿ ಬೇರೆ ಡಬ್ಬಿ, ಮುದ್ರಿಕೆಯಲ್ಲಿ ಬೇರೆ ಪಟ್ಟಿ. 1923ರಲ್ಲಿ ಸಿಲ್ವೆಸ್ಟರ್ ವೀವರ್ ಎಂಬಾತನು ಸಾರಾ ಮಾರ್ಟಿನ್ ಎಂಬ ಗಾಯಕಿಗೆ ಗಿಟಾರಿನ ಪಕ್ಕವಾದ್ಯವನ್ನು ನುಡಿಸಿದನು. ಅದೇ ವರ್ಷ ಅವನ ಒಂಟಿ ಗಿಟಾರಿನ ಎರಡು ಕೃತಿಗಳೂ ಮುದ್ರಿತವಾದುವು. ಅಂದಿನಿಂದ ನಮ್ಮ ಸಾಕ್ಷ್ಯವು ಆರಂಭವಾಗುವುದು.

1926ರಿಂದ ಮುದ್ರಿಕೆಗಳು ಹೊರಬಂದ ಟೆಕ್ಸಸಿನ ಬ್ಲೈಂಡ್ ಲೆಮನ್ ಜೆಫರ್ಸನ್ ಹುಟ್ಟುಕುರುಡನೆಂದು ಪ್ರತೀತಿ. ಅವನು ಹನ್ನೆರಡು ಗಣಗಳ ಲೆಕ್ಕವನ್ನೇ ಗಣಿಸುತ್ತಿರಲಿಲ್ಲ. ಮಾತು ಮುಗಿದ ಮೇಲೆ ಗಿಟಾರು ಹೇಳಬೇಕಾದುದು ಇನ್ನೂ ಉಳಿದಿದ್ದರೆ ಗಣವನ್ನು ಎಳೆಯುವನು. ಹೇಳಿ ಮುಗಿದಿದ್ದರೆ ಮೊಟಕುಮಾಡುವನು. ಅದೇ ವರ್ಷ ಮುದ್ರಣಕ್ಕೆ ಬಂದ ಬ್ಲೈಂಡ್ ಬ್ಲೇಕನ ದಾರಿಯೇ ಬೇರೆ. ಅವನ ಹೆಬ್ಬೆರಳು ಪಿಯಾನೋ ವಾದಕನ ಎಡಗೈಯಂತೆ ಕೆಳತಂತಿಗಳಲ್ಲಿ ತಾಳಹಾಕುತ್ತಿರಲು, ಉಳಿದ ಬೆರಳುಗಳು ಮೇಲೆ ಬೇರೊಂದು ನಡೆಯನ್ನು ಹಿಡಿದಿರುವುವು. ಧೈವತದ ಗುಚ್ಛವು ರಿಷಭದ್ದನ್ನೂ, ರಿಷಭದ್ದು ಪಂಚಮದ್ದನ್ನೂ, ಪಂಚಮದ್ದು ಷಡ್ಜದ್ದನ್ನೂ ಕೈಬೀಸಿ ಕರೆಯುವಂಥ ಸರಣಿಯು ‘ರ‍್ಯಾಗ್‌ಟೈಮ್’ ಎಂಬ ಪಿಯಾನೋ ಸಂಪ್ರದಾಯದಲ್ಲಿ ರೂಢಿಯಾಗಿತ್ತು. ಬ್ಲೇಕನ ಗಿಟಾರಿನಲ್ಲಿ ಅದು ಸಲೀಸಾಗಿ ನಡೆದಾಡಿತು. ಮೂರೇ ಗುಚ್ಛಗಳೆಂಬ ಮಾತಿಗೆ 1926ರಲ್ಲಿಯೇ ಇಂಥ ಅಪವಾದವುಂಟು.

1931ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ಪ್ರಾಂತದ ಗ್ರಾಫ್ಟನ್ ಎಂಬಲ್ಲಿ ಹಾಡಿದ ಸ್ಕಿಪ್ ಜೇಮ್ಸನು ಗಿಟಾರಿನ ಶ್ರುತಿಯನ್ನೇ ಬದಲಿಸಿಕೊಂಡನು. ಬರಿಯ ತಂತಿಗಳನ್ನು ಮೀಟಿದರೆ ಷಡ್ಜ, ಸಾಧಾರಣಗಾಂಧಾರ, ಪಂಚಮಗಳು ನುಡಿಯುವಂತೆ ಆತನ ವಾದ್ಯವು ಸಿದ್ಧವಾಗಿರುತ್ತಿತ್ತು. ಗಾಂಧಾರವೊಂದು ಅರ್ಧಸ್ವರ ಇಳಿದುದರಿಂದ ಹಾಡಿನ ಆಕಾಶವೇ ಮೋಡ ಕವಿದಂತಾಯಿತು. ಆ ಕಾಲದ ದಾರಿದ್ರ್ಯದಲ್ಲಿ ಆ ಮುದ್ರಿಕೆಗಳನ್ನು ಕೊಳ್ಳುವವರಿರಲಿಲ್ಲ. 1964ರಲ್ಲಿ ಹುಡುಕಿಕೊಂಡು ಹೋದ ಕೆಲವು ತರುಣರು ಅವನನ್ನು ಮಿಸಿಸಿಪ್ಪಿಯ ಆಸ್ಪತ್ರೆಯೊಂದರಲ್ಲಿ ಕಂಡರು. ಐದು ವರ್ಷಗಳ ತರುವಾಯ ಅವನು ತೀರಿಕೊಂಡನು.

ಈ ಎಲ್ಲರಿಗಿಂತಲೂ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಲೋನಿ ಜಾನ್ಸನ್ನನ ಮೇಲೆ. ನ್ಯೂ ಆರ್ಲಿಯನ್ಸಿನ ಸಂಗೀತಗಾರರ ಮನೆಯಲ್ಲಿ ಹುಟ್ಟಿದ ಈತನು ಪಿಟೀಲನ್ನೂ ಪಿಯಾನೋವನ್ನೂ ಬಲ್ಲವನು. 1918ರ ಇನ್‌ಫ್ಲುಯೆಂಜಾ ಮಾರಿಯು ಅವನ ಮನೆಮಂದಿಯಲ್ಲಿ ಬಹುಪಾಲನ್ನು ಒಯ್ದಿತು. 1925ರಲ್ಲಿ ಸೇಂಟ್ ಲೂಯಿ ನಗರದ ಬ್ಲೂಸ್ ಸ್ಪರ್ಧೆಯೊಂದರಲ್ಲಿ ಗೆದ್ದು ಮುದ್ರಣದ ಒಪ್ಪಂದವನ್ನು ಪಡೆದನು. 1927ರ ಡಿಸೆಂಬರಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ‘ಹಾಟ್ ಫೈವ್’ ಮೇಳದಲ್ಲಿಯೂ, 1928ರಲ್ಲಿ ಡ್ಯೂಕ್ ಎಲಿಂಗ್ಟನ್ನನ ಮೇಳದಲ್ಲಿಯೂ ಅವನನ್ನು ಕರೆದು ಕೂರಿಸಿದರು. ಜಾಸಿನವರು ಬ್ಲೂಸಿನವರಿಗೆ ಸ್ವರಗುಚ್ಛಗಳನ್ನು ದಾನಮಾಡಿದರೆಂಬ ವಾದವು ಇಲ್ಲಿಯೇ ಮುಗ್ಗರಿಸುವುದು: ಜಾಸಿನ ಅತ್ಯುತ್ತಮರಾದ ಇಬ್ಬರು ನಾಯಕರು ಬ್ಲೂಸ್ ಗಿಟಾರಿನವನೊಬ್ಬನನ್ನು ತಾವಾಗಿಯೇ ಬರಮಾಡಿಕೊಂಡಿದ್ದರು.

1928 ಮತ್ತು 1929ರಲ್ಲಿ ಲೋನಿ ಜಾನ್ಸನ್ನನು ಎಡ್ಡಿ ಲ್ಯಾಂಗ್ ಎಂಬ ಗಿಟಾರ್ ವಾದಕನೊಡನೆ ಜೋಡಿವಾದ್ಯಗಳನ್ನು ಮುದ್ರಿಸಿದನು. ಲ್ಯಾಂಗನು ಫಿಲಡೆಲ್ಫಿಯಾದ ಇಟಲಿಮೂಲದ ಬಿಳಿಯ. ಬಿಳಿಯನೂ ಕರಿಯನೂ ಸಮಾನರಾಗಿ ಕುಳಿತು ನುಡಿಸಿದರೆಂದು ಮುದ್ರಿಕೆಯ ಮೇಲೆ ಅಚ್ಚುಹಾಕುವಂತಿರಲಿಲ್ಲ. ಆದಕಾರಣ ಲ್ಯಾಂಗನಿಗೆ ‘ಬ್ಲೈಂಡ್ ವಿಲ್ಲಿ ಡನ್’ ಎಂಬ ಕರಿಯ ಗಾಯಕನ ಹೆಸರನ್ನು ಹೋಲುವ ಸುಳ್ಳುಹೆಸರನ್ನು ಕೊಟ್ಟರು. ಕಣ್ಣಿದ್ದವನನ್ನು ಕುರುಡನನ್ನಾಗಿ ಮಾಡಿದ ಆ ಕಾಲದ ಕುರುಡುತನವನ್ನು ಏನೆನ್ನಬೇಕು! ಆ ಮುದ್ರಿಕೆಗಳಲ್ಲಿ ಬಹುಮಟ್ಟಿಗೆ ಲ್ಯಾಂಗನು ಗುಚ್ಛಗಳನ್ನು ಹಾಸುವನು, ಜಾನ್ಸನ್ನನು ಆ ಹಾಸಿನ ಮೇಲೆ ಒಂಟಿತಂತಿಯಲ್ಲಿ ಹಾಡುವನು. ಬಿಳಿಯನು ಪಕ್ಕವಾದ್ಯ, ಕರಿಯನು ಮುಖ್ಯವಾದ್ಯ. 1929ರಲ್ಲಿ ಅಮೆರಿಕೆಯ ಯಾವ ಸಭಾಮಂದಿರದಲ್ಲಿಯೂ ಸುಲಭವಾಗಿ ಕಾಣದ ದೃಶ್ಯವು ಕಿವಿಗೆ ಮಾತ್ರ ದೊರೆಯಿತು.

ಜಾನ್ಸನ್ನನಂಥವರ ಕೈಯಲ್ಲಿ ಗುಚ್ಛವೈವಿಧ್ಯವು ಎಷ್ಟು ಮಿತವ್ಯಯದಿಂದ ಸಾಧಿಸಲ್ಪಡುತ್ತಿತ್ತೆಂಬುದಕ್ಕೆ ಆ ಸಂಪ್ರದಾಯದಲ್ಲಿ ಬಳಕೆಯಾದ ಒಂದು ಉಪಾಯವನ್ನು ಹೇಳುವೆನು. ಎರಡನೆಯ ಸಾಲಿನಲ್ಲಿ ಮಧ್ಯಮದ ಗುಚ್ಛವು ಎರಡು ಗಣಗಳ ಕಾಲ ನಿಲ್ಲುವುದಷ್ಟೆ. ಅದರಲ್ಲಿರುವುವು ಶುದ್ಧಮಧ್ಯಮ, ಚತುಶ್ರುತಿಧೈವತ, ಷಡ್ಜ, ಸಾಧಾರಣಗಾಂಧಾರಗಳು. ಎರಡನೆಯ ಗಣದಲ್ಲಿ ಉಳಿದ ಮೂರನ್ನೂ ಇದ್ದಂತೆಯೇ ಇರಿಸಿ, ಶುದ್ಧಮಧ್ಯಮದ ಬೆರಳೊಂದನ್ನು ಮಾತ್ರ ಒಂದು ಮೆಟ್ಟು ಸರಿಸಿ ಪ್ರತಿಮಧ್ಯಮಕ್ಕೆ ಒಯ್ದರೆ, ಗುಚ್ಛವು ನಿಂತ ನೆಲವೇ ನಡುಗಿದಂತಾಗುವುದು. ಆ ಪ್ರತಿಮಧ್ಯಮವು ಪಂಚಮಕ್ಕೇರಿ ಷಡ್ಜದ ಗುಚ್ಛದಲ್ಲಿ ವಿಶ್ರಮಿಸುವುದು. ಇದಕ್ಕೆ ಅವರು ‘ಡಿಮಿನಿಷ್ಡ್’ ಎನ್ನುವರು. ಒಂದು ಬೆರಳು, ಒಂದು ಮೆಟ್ಟು, ಒಂದು ಗಣ. ಹೊಸ ಗುಚ್ಛಗಳನ್ನು ಮೂಟೆಗಟ್ಟಿ ಹೇರುವವರು ಇದನ್ನು ಸ್ವಲ್ಪ ಆಲೋಚಿಸಬೇಕು.

ಇಂಥ ವಾದಕನಿಗೆ ಲೋಕವು ಮಾಡಿದ ಸನ್ಮಾನವನ್ನೂ ಹೇಳಿಬಿಡುವೆನು. 1948ರಲ್ಲಿ ‘ಟುಮಾರೋ ನೈಟ್’ ಎಂಬ ಹಾಡಿನಿಂದ ಅವನಿಗೆ ಮತ್ತೊಮ್ಮೆ ಕೀರ್ತಿ ಬಂದಿತಾದರೂ, 1959ರ ಸುಮಾರಿಗೆ ಅವನು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದನು. ಅಲ್ಲಿಂದ ಅವನನ್ನು ಹುಡುಕಿ ತಂದು ಮತ್ತೆ ಹಾಡಿಸಿದರು. 1970ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ತೀರಿಕೊಂಡನು.

ರಾಬರ್ಟ್ ಜಾನ್ಸನ್ ಎಂಬ ಇನ್ನೊಬ್ಬ ಜಾನ್ಸನ್ನನ ಸುತ್ತ ಬೆಳೆದಷ್ಟು ಕಟ್ಟುಕಥೆಗಳು ಬೇರಾವ ಬ್ಲೂಸ್ ಗಾಯಕನ ಸುತ್ತಲೂ ಬೆಳೆದಿಲ್ಲ. ನಾಲ್ಕು ಹಾದಿ ಕೂಡುವಲ್ಲಿ ಸೈತಾನನಿಂದ ವಿದ್ಯೆ ಪಡೆದನೆಂಬ ಆ ಕಥೆಗಳಿಂದ ನಮಗೆ ಆಗಬೇಕಾದುದೇನೂ ಇಲ್ಲ. 1936ರ ನವೆಂಬರಿನಲ್ಲಿ ಸಾನ್ ಆಂಟೋನಿಯೋದಲ್ಲಿಯೂ 1937ರ ಜೂನಿನಲ್ಲಿ ಡಲ್ಲಾಸಿನಲ್ಲಿಯೂ ಅವನು ಮುದ್ರಿಸಿದ 29 ಹಾಡುಗಳಿವೆ. ವಿದ್ಯೆಯು ಎಲ್ಲಿಂದ ಬಂತೆಂಬುದು ಅವುಗಳಲ್ಲಿಯೇ ತಿಳಿಯುವುದು. ಅದು ಬಂದದ್ದು ಪಿಯಾನೋದಿಂದ. ಊಟದ ಮನೆ, ಕುಡಿತದ ಮನೆಗಳಲ್ಲಿ ‘ಬೂಗಿ’ ಎಂಬ ನಡೆಯನ್ನು ಪಿಯಾನೋದವರು ಎಡಗೈಯಲ್ಲಿ ನುಡಿಸುತ್ತಿದ್ದರು. ಜಾನ್ಸನ್ನನು ಅದನ್ನು ಗಿಟಾರಿನ ಕೆಳತಂತಿಗಳಿಗೆ ಇಳಿಸಿ, ಆಧಾರಷಡ್ಜದ ಜೊತೆಯಲ್ಲಿ ಪಂಚಮ ಧೈವತಗಳನ್ನು ಸರದಿಯಿಂದ ನುಡಿಸಿದನು. ಗುಚ್ಛವು ಒಂದೇ, ಆದರೆ ಅದರ ಹೊಟ್ಟೆಯೊಳಗೆ ಸದಾ ಚಲನೆ. ಪದ್ಯದ ಕೊನೆಯ ಎರಡು ಗಣಗಳಲ್ಲಿಯಂತೂ, ಮೇಲೆ ಷಡ್ಜವನ್ನು ಅಲುಗದಂತೆ ಹಿಡಿದು, ಕೆಳಗೆ ಕೈಶಿಕಿನಿಷಾದ, ಚತುಶ್ರುತಿಧೈವತ, ಶುದ್ಧಧೈವತ, ಪಂಚಮ ಎಂದು ಮೆಟ್ಟುಮೆಟ್ಟಾಗಿ ಇಳಿಯುವನು. ಒಬ್ಬನೇ ಮನುಷ್ಯನು ಮೃದಂಗದವನೂ, ಶ್ರುತಿಯವನೂ, ಪಿಟೀಲಿನವನೂ, ಹಾಡುವವನೂ ಆಗಬೇಕಾದ ಸಂಕಟದಲ್ಲಿ ಇಂಥ ಉಪಾಯಗಳು ಹುಟ್ಟಿದುವು. ಹಸಿವು ಕಲಿಸಿದ ವಿದ್ಯೆ ಎನ್ನಬಹುದು. 1938ರ ಆಗಸ್ಟಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವನು ಮರಣಹೊಂದಿದನು.

ಅಷ್ಟರಲ್ಲಿ ಜನಗಳ ವಾಸಸ್ಥಾನವೇ ಬದಲಾಗುತ್ತಿತ್ತು. 1910ರಿಂದ 1970ರ ವರೆಗೆ ಸುಮಾರು ಅರುವತ್ತು ಲಕ್ಷ ಮಂದಿ ಕರಿಯರು ದಕ್ಷಿಣವನ್ನು ಬಿಟ್ಟು ಷಿಕಾಗೋ, ಡೆಟ್ರಾಯಿಟ್, ಲಾಸ್ ಏಂಜಲೀಸ್ ಮೊದಲಾದ ನಗರಗಳನ್ನು ಸೇರಿದರು. ನಗರದ ಗದ್ದಲದಲ್ಲಿ ಮರದ ಗಿಟಾರಿನ ಧ್ವನಿಯು ಕೇಳದಾದುದರಿಂದ ವಿದ್ಯುಚ್ಛಕ್ತಿಯ ಸಹಾಯ ಬೇಕಾಯಿತು. ಒಂಟಿವಾದಕನ ಸ್ಥಳದಲ್ಲಿ ಮೇಳವು ಬಂದಿತು. ಇದರಿಂದ ಗುಚ್ಛಗಳ ವಿಷಯದಲ್ಲಿ ಒಂದು ವಿಚಿತ್ರವಾದ ಪರಿಣಾಮವಾಯಿತು. ಕೆಳಸ್ವರಗಳಿಗೆ ಬೇರೊಬ್ಬನಿರುವನು, ತಾಳಕ್ಕೆ ಮತ್ತೊಬ್ಬನಿರುವನು. ಗಿಟಾರಿನವನು ಆರು ತಂತಿಗಳನ್ನೂ ಬಾರಿಸಿದರೆ ಅದು ಸಹಾಯವಲ್ಲ, ಅಡ್ಡಿ. ಆದುದರಿಂದ ಗುಚ್ಛಗಳು ಕಿರಿದಾದುವು.

ಕಿರಿದಾದುದರಿಂದಲೇ ಅವು ಚುರುಕಾದುವು. ಷಡ್ಜದ ಗುಚ್ಛದ ಪ್ರಾಣವಿರುವುದು ಅಂತರಗಾಂಧಾರ ಕೈಶಿಕಿನಿಷಾದಗಳೆಂಬ ಎರಡು ಸ್ವರಗಳಲ್ಲಿ. ಷಡ್ಜ ಪಂಚಮಗಳನ್ನು ಇತರರು ನುಡಿಸಿಯೇ ನುಡಿಸುವರು. ಈಗ ಆ ಎರಡು ಸ್ವರಗಳ ಜೋಡಿಯನ್ನು ಒಂದು ಮೆಟ್ಟು ಕೆಳಗೆ ಜಾರಿಸಿದರೆ ಸಾಧಾರಣಗಾಂಧಾರ, ಚತುಶ್ರುತಿಧೈವತಗಳಾಗುವುವು. ಇವೇ ಮಧ್ಯಮದ ಗುಚ್ಛದ ಪ್ರಾಣಸ್ವರಗಳು. ಒಂದು ಮೆಟ್ಟು ಮೇಲೆ ಜಾರಿಸಿದರೆ ಶುದ್ಧಮಧ್ಯಮ, ಕಾಕಲಿನಿಷಾದಗಳು. ಇವು ಪಂಚಮದ ಗುಚ್ಛದವು. ಎರಡೇ ಬೆರಳುಗಳು ಒಂದೊಂದು ಮೆಟ್ಟು ಹಿಂದೆ ಮುಂದೆ ಸರಿಯುವುದರಿಂದ ಬ್ಲೂಸಿನ ಮೂರು ಲೋಕಗಳೂ ವಶವಾಗುವುವು. ವೀಣೆಯ ಅಭ್ಯಾಸವಿರುವ ಮನೆಗಳಲ್ಲಿ ಇದನ್ನು ಎರಡು ತಂತಿಗಳ ಮೇಲೆ ಪರೀಕ್ಷಿಸಿ ನೋಡಬಹುದು. 1937ರಲ್ಲಿ ಕೌಂಟ್ ಬೇಸಿಯ ಮೇಳವನ್ನು ಸೇರಿ 1987ರಲ್ಲಿ ಸಾಯುವವರೆಗೂ ಪ್ರಾಯಶಃ ಅಲ್ಲಿಯೇ ಇದ್ದ ಫ್ರೆಡ್ಡಿ ಗ್ರೀನನು ಈ ಮಿತಭಾಷಿತ್ವದ ಪರಮಾವಧಿ. ಗಣಕ್ಕೆ ನಾಲ್ಕು ಮೀಟು, ಮೀಟಿಗೆ ಎರಡು ಮೂರು ಸ್ವರ. ಅವನನ್ನು ಕೇಳಿದವರಿಗಿಂತ ಅವನಿಲ್ಲದಿದ್ದಾಗ ಏನೋ ಕಡಮೆಯಾಯಿತೆಂದುಕೊಂಡವರೇ ಹೆಚ್ಚು ಇದ್ದಿರಬೇಕು.

ಟೆಕ್ಸಸಿನಲ್ಲಿ 1910ರಲ್ಲಿ ಹುಟ್ಟಿದ ಟಿ-ಬೋನ್ ವಾಕರನು 1947ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಕಾಲ್ ಇಟ್ ಸ್ಟಾರ್ಮಿ ಮಂಡೇ’ ಎಂಬ ಹಾಡನ್ನು ಮುದ್ರಿಸಿದನು. (1942ರಲ್ಲಿ ಅರ್ಲ್ ಹೈನ್ಸನ ಮೇಳವು ಹೆಚ್ಚು ಕಡಮೆ ಇದೇ ಹೆಸರಿನ ಬೇರೊಂದು ಹಾಡನ್ನು ಮುದ್ರಿಸಿತ್ತು, ಇವೆರಡನ್ನೂ ಒಂದೆಂದು ಭ್ರಮಿಸಬಾರದು.) ಇದರಲ್ಲಿ ಗುಚ್ಛಗಳಿಗೆ ರಿಷಭವೂ ಬಂದು ಸೇರಿತು. ಈ ಹಾಡಿನ ಪರಂಪರೆಯಿಂದ ಗಿಟಾರಿನವರೆಲ್ಲ ಕಲಿತ ಪಾಠವೊಂದಿದೆ: ಮೇಲಿನ ಮೂರು ತಂತಿಗಳಲ್ಲಿ ಷಡ್ಜ, ಅಂತರಗಾಂಧಾರ, ಚತುಶ್ರುತಿಧೈವತಗಳನ್ನು ಹಿಡಿದು, ಬೆರಳನ್ನೆತ್ತದೆ ಎರಡು ಮೆಟ್ಟು ಕೆಳಗೆ ಜಾರಿಸಿದರೆ ಕೈಶಿಕಿನಿಷಾದ, ಚತುಶ್ರುತಿರಿಷಭ, ಪಂಚಮಗಳಾಗುವುವು. ಎರಡೂ ಷಡ್ಜದ ಗುಚ್ಛದ ಮುಖಗಳೇ. ನಡುವೆ ಮಾತ್ರ ಗಾಯಕನ ನಿಟ್ಟುಸಿರಿನಂಥ ಒಂದು ಇಳಿಜಾರು. ಇದನ್ನು ಕೇಳಿದವರು ಜಾಸಿನ ಪ್ರಭಾವವೆನ್ನುವರು. ಪ್ರಭಾವವಿಲ್ಲವೆಂದು ನಾನೂ ಹೇಳುವುದಿಲ್ಲ. ಮೇಳಗಳಲ್ಲಿ ದುಡಿದವನು ಮೇಳಗಳಿಂದ ಕಲಿಯದೆ ಇರುವನೆ? ಆದರೆ ಈ ವಾಕರನು ಬಾಲಕನಾಗಿದ್ದಾಗ ಡಲ್ಲಾಸಿನ ಬೀದಿಗಳಲ್ಲಿ ಯಾರ ಕೈಹಿಡಿದು ನಡೆಸುತ್ತಿದ್ದನು? ಆ ಕುರುಡ ಲೆಮನ್ ಜೆಫರ್ಸನ್ನನ ಕೈಯನ್ನು. ಅಂತೆಯೇ ಷಿಕಾಗೋವಿನ ಮುದ್ರಣಾಲಯಗಳಲ್ಲಿ ಲಿಟಲ್ ವಾಲ್ಟರ್ ಮೊದಲಾದವರ ಹಿಂದೆ ಕುಳಿತು ಅತ್ಯಂತ ನವುರಾದ ಗುಚ್ಛಗಳನ್ನು ನುಡಿಸಿದ ರಾಬರ್ಟ್ ಲಾಕ್‌ವುಡ್‌ಗೆ ಮೊದಲ ಪಾಠ ಹೇಳಿದವನು ರಾಬರ್ಟ್ ಜಾನ್ಸನ್. ಲಾಕ್‌ವುಡ್ಡನ ತಾಯಿಯ ಮನೆಯಲ್ಲಿ ಅವನು ತಂಗುತ್ತಿದ್ದನು. ಹಳ್ಳಿಗಾಡಿನ ಒಂಟಿವಾದಕರ ಶಿಷ್ಯರೇ ನಗರದ ಸೂಕ್ಷ್ಮವಾದಕರಾದರು. ಇದು ದಾನವಲ್ಲ, ಗುರುಪರಂಪರೆ.

ವಾಕರನ ಹಾಡನ್ನು ಬಾಬಿ ಬ್ಲಾಂಡ್ ಎಂಬ ಗಾಯಕನು ಮತ್ತೆ ಹಾಡಿದ ಮುದ್ರಿಕೆಯು 1962ರಲ್ಲಿ ಹೊರಬಂದಿತು. ಅದರಲ್ಲಿ ಗಿಟಾರು ನುಡಿಸಿದವನು ವೇಯ್ನ್ ಬೆನೆಟ್. ಎರಡನೆಯ ಸಾಲಿನ ಕೊನೆಯ ಎರಡು ಗಣಗಳಲ್ಲಿ ಷಡ್ಜದ ಮೇಲೆ ಸುಮ್ಮನೆ ನಿಲ್ಲಬೇಕಾದ ಕಡೆಯಲ್ಲಿ, ಗುಚ್ಛಗಳು ಷಡ್ಜದಿಂದ ರಿಷಭಕ್ಕೂ ರಿಷಭದಿಂದ ಅಂತರಗಾಂಧಾರಕ್ಕೂ ಮೆಟ್ಟಲೇರಿ, ಸಾಧಾರಣಗಾಂಧಾರದ ಮೂಲಕ ಇಳಿದು, ಮೂರನೆಯ ಸಾಲಿನ ಆರಂಭಕ್ಕೆ ಮತ್ತೆ ರಿಷಭದಲ್ಲಿ ಬಂದು ನಿಲ್ಲುವುವು. ಬೆಟ್ಟದ ನೆತ್ತಿಯನ್ನು ಮುಟ್ಟಿ ಬಂದಷ್ಟು ದೂರ ಹೋಗಿಬಂದರೂ ಗಾಯಕನಿಗೆ ಒಂದು ಎಣಿಕೆಯ ಭಂಗವೂ ಇಲ್ಲ. 1971ರಲ್ಲಿ ಆಲ್ಮನ್ ಸಹೋದರರ ಮೇಳವು ಇದೇ ಗುಚ್ಛಗತಿಯನ್ನು ಸಭೆಯಲ್ಲಿ ನುಡಿಸಿ ಮುದ್ರಿಸಿದುದರಿಂದ ಬಿಳಿಯ ತರುಣರ ಲೋಕಕ್ಕೂ ಅದು ಪರಿಚಿತವಾಯಿತು.

ಹಾಗೆಂದು ಗುಚ್ಛಗಳು ಹೆಚ್ಚಿದಷ್ಟೂ ಬ್ಲೂಸು ಹೆಚ್ಚಿತೆಂದು ಭಾವಿಸುವುದು ತಪ್ಪು. 1948ರಲ್ಲಿ ಡೆಟ್ರಾಯಿಟಿನಲ್ಲಿ ಮುದ್ರಿತವಾದ ಜಾನ್ ಲೀ ಹೂಕರನ ‘ಬೂಗಿ ಚಿಲೆನ್’ ಹಾಡಿನಲ್ಲಿ ಮೂರು ಗುಚ್ಛಗಳೂ ಇಲ್ಲ. ಒಂದೇ ಗುಚ್ಛ, ಒಂದು ಕಾಲಿನ ತಾಳ. ಸಾಲು ಎಲ್ಲಿ ಮುಗಿಯುವುದೆಂದು ಅವನಿಗೇ ಆ ಕ್ಷಣದಲ್ಲಿ ತಿಳಿಯುವುದಾದ್ದರಿಂದ ಪಕ್ಕವಾದ್ಯದವರು ಅವನೊಡನೆ ಬಹಳ ಕಷ್ಟಪಡುತ್ತಿದ್ದರು. ಬಿ. ಬಿ. ಕಿಂಗನಂಥ ಸಾರ್ವಭೌಮನು ಕೂಡ ಗುಚ್ಛವಾದನವು ತನಗೆ ಅಷ್ಟಾಗಿ ಒಗ್ಗದೆಂದು ಬಾಯಿಬಿಟ್ಟು ಹೇಳಿಕೊಂಡನು. 1988ರ ಚಲಚ್ಚಿತ್ರವೊಂದರಲ್ಲಿ ಅವನು ತನ್ನ ಮಕ್ಕಳ ವಯಸ್ಸಿನ ವಾದಕರಿಗೆ ಹಾಗೆ ಹೇಳುವುದನ್ನು ಇಂದಿಗೂ ಕಾಣಬಹುದು. ಅವನ ಒಂದೊಂದು ಸ್ವರದ ಹಿಂದೆಯೂ ಗುಚ್ಛಗಳನ್ನು ಹಾಸುವ ಬೇರೆ ಕೈಗಳಿದ್ದುವು.

ಆ ಕೈಗಳ ಲೆಕ್ಕವನ್ನು ಇಟ್ಟವರು ಕಡಮೆ. ಅಂದಿನ ಬಿಡಿ ಮುದ್ರಿಕೆಗಳ ಮೇಲೆ ಹಾಡಿದವನ ಹೆಸರು ದೊಡ್ಡಕ್ಷರಗಳಲ್ಲಿಯೂ, ರಚಿಸಿದವನ ಹೆಸರು ಸಣ್ಣಕ್ಷರಗಳಲ್ಲಿಯೂ ಇರುತ್ತಿದ್ದುವು; ಪಕ್ಕವಾದ್ಯದವರ ಹೆಸರನ್ನು ಹಾಕುವ ರೂಢಿಯಿರಲಿಲ್ಲ. ಮುದ್ರಣಾಲಯದ ಹಾಜರಿಪಟ್ಟಿ, ಸಂಬಳದ ಚೀಟಿ, ವೃದ್ಧರಾದ ವಾದಕರ ನೆನಪು, 1960ರ ತರುವಾಯ ಇವುಗಳನ್ನು ಜೋಡಿಸಿ ಜೋಡಿಸಿಯೇ ಯಾರು ಎಲ್ಲಿ ನುಡಿಸಿದರೆಂಬುದನ್ನು ಸಂಶೋಧಕರು ನಿರ್ಣಯಿಸುತ್ತ ಬಂದಿರುವರು. ಬೆನೆಟ್ಟನ ಆ ಎರಡು ಗಣಗಳನ್ನು ಲೋಕದ ಎಲ್ಲ ಕಡೆಯ ಗಿಟಾರ್ ವಿದ್ಯಾರ್ಥಿಗಳೂ ಇಂದು ‘ಸ್ಟಾರ್ಮಿ ಮಂಡೇ’ಯ ಗುಚ್ಛಗಳೆಂದು ಹಾಡಿನ ಹೆಸರಿನಿಂದಲೇ ಕಲಿಯುತ್ತಾರೆ. ಲಾಕ್‌ವುಡ್ಡನು ಮಾತ್ರ ದೀರ್ಘಾಯುಷ್ಯದಿಂದ ತನ್ನ ಹೆಸರನ್ನು ಉಳಿಸಿಕೊಂಡನು. ತೊಂಬತ್ತು ದಾಟಿದ ಮೇಲೆಯೂ ಹನ್ನೆರಡು ತಂತಿಗಳ ಗಿಟಾರನ್ನು ಹಿಡಿದು ಸಭೆಗಳಲ್ಲಿ ನುಡಿಸುತ್ತಿದ್ದು, 2006ರ ನವೆಂಬರಿನಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ತೀರಿಕೊಂಡನು.